ಮೂವತ್ತು ದಾಟಿದ ಮೇಲೆ ಮತ್ತೆ ಪಾಠಶಾಲೆ

ಗಂಡುಮಗನ ಓದು ಮುಗಿಯುವುದು ಪರೀಕ್ಷೆಯ ಫಲಿತಾಂಶ ಬಂದ ದಿನ. ಹೆಣ್ಣುಮಗಳ ಓದು ಮುಗಿಯುವುದು ಲಗ್ನಪತ್ರಿಕೆ ಬರೆಯಿಸಿದ ದಿನ. ಹಾಸನದ ಸೀಮೆಯ ಎಷ್ಟೋ ಮನೆಗಳಲ್ಲಿ ಬಹುಕಾಲ ಇದೇ ವಾಡಿಕೆಯಾಗಿತ್ತು; ಈಗಲೂ ಅದು ಪೂರ್ತಿಯಾಗಿ ತಪ್ಪಿದೆಯೆಂದು ಹೇಳುವಂತಿಲ್ಲ. ಆ ದಿನ ಅಟ್ಟವೇರಿದ ಪುಸ್ತಕಗಳು ಮತ್ತೆ ಕೆಳಗಿಳಿಯುವುದು ಹಳೆಯ ಕಾಗದದ ವ್ಯಾಪಾರಿ ಬೀದಿಗೆ ಬಂದಾಗ ಮಾತ್ರ. ಹೀಗಿರುವಲ್ಲಿ ಹತ್ತು ಹನ್ನೆರಡು ವರ್ಷ ಸಂಸಾರ ನಡೆಸಿದ ಗೃಹಿಣಿಯೊಬ್ಬಳು, "ಮತ್ತೆ ಓದಬೇಕೆಂದಿದ್ದೇನೆ, ನರ್ಸಿಂಗ್ ಸೇರಬೇಕೆಂದಿದ್ದೇನೆ" ಎಂದು ಬಾಯಿಬಿಟ್ಟರೆ ಮನೆಯಲ್ಲಿ ಮೊದಲು ಹುಟ್ಟುವುದು ವಿರೋಧವಲ್ಲ, ನಗು. ವಿರೋಧ ತಲೆಯೆತ್ತುವುದು ಆಕೆ ಎರಡನೆಯ ಸಲ ಅದೇ ಮಾತನ್ನು ಹೇಳಿದಾಗ.

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿ ಮಾವಿನಕೆರೆಯ ರಂಗನಾಥಸ್ವಾಮಿ ಬೆಟ್ಟದ ಆಸುಪಾಸಿನ ನಾಡು. ರಾಗಿ, ತೆಂಗು, ನೀರಿದ್ದಲ್ಲಿ ಭತ್ತ, ಮುಂಗಾರಿಗೆ ಆಲೂಗಡ್ಡೆ. ಬೆಳಗ್ಗೆ ಸಂಜೆ ಡೇರಿಗೆ ಹಾಲು. ಇಲ್ಲಿಯ ಹೆಣ್ಣುಮಕ್ಕಳ ದಿನಚರಿಯೆಲ್ಲ ಈ ಕೆಲವು ಮಾತುಗಳಲ್ಲಿಯೇ ಅಡಗಿದೆ. ಇಂಥ ಹೋಬಳಿಯ ಯಾವುದಾದರೊಂದು ಊರಿನ ಒಬ್ಬ ಆಶಾ ಕಾರ್ಯಕರ್ತೆಯನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಆಕೆಗೆ ಹೆಸರು ಬೇಡ. ಅಂಥವರು ಅರಕಲಗೂಡಿನಲ್ಲಿಯೂ ಚನ್ನರಾಯಪಟ್ಟಣದಲ್ಲಿಯೂ ಬೇಕಾದಷ್ಟು ಮಂದಿ ದೊರೆಯುತ್ತಾರೆ. ವಯಸ್ಸು ಮೂವತ್ತೊಂದು. ಎಸ್.ಎಸ್.ಎಲ್.ಸಿ. ತೇರ್ಗಡೆಯಾಗಿದೆ. ಹತ್ತೊಂಬತ್ತಕ್ಕೆ ಮದುವೆ, ಎರಡು ಮಕ್ಕಳು, ಮನೆಯಲ್ಲಿ ಅತ್ತೆಮಾವಂದಿರು, ಕೊಟ್ಟಿಗೆಯಲ್ಲಿ ಎರಡು ಹಸು.

೨೦೦೫ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಸಾವಿರ ಜನಸಂಖ್ಯೆಗೆ ಒಬ್ಬಳಂತೆ ಆಶಾ ಕಾರ್ಯಕರ್ತೆಯರನ್ನು ಆರಿಸುವ ಕ್ರಮ ಏರ್ಪಟ್ಟಿತು. ಕಾಗದದ ಮೇಲೆ ಈಕೆ ನೌಕರಳಲ್ಲ, ಸ್ವಯಂಸೇವಕಿ. ಸಲ್ಲುವುದು ಸಂಬಳವಲ್ಲ, ಗೌರವಧನ ಮತ್ತು ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಆದರೆ ನಡುರಾತ್ರಿಯಲ್ಲಿ ನೋವು ಕಾಣಿಸಿಕೊಂಡ ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವವಳು ಈಕೆಯೇ. ಹೆರಿಗೆಯ ಕೊಠಡಿಯ ಬಾಗಿಲಿನವರೆಗೆ ಈಕೆಯ ಅಧಿಕಾರ. ಬಾಗಿಲಿನ ಆಚೆ ದಾದಿಯ ರಾಜ್ಯ. ಹೊರಗಿನ ಬೆಂಚಿನ ಮೇಲೆ ಬೆಳಗಿನವರೆಗೆ ಕುಳಿತವಳ ಮನಸ್ಸಿನಲ್ಲಿ, "ಆ ಬಾಗಿಲಿನ ಒಳಗಿನ ಕೆಲಸ ತನಗೇಕೆ ಬರಬಾರದು?" ಎಂಬ ಪ್ರಶ್ನೆ ಒಮ್ಮೆಯಾದರೂ ಮೂಡದೆ ಇರುತ್ತದೆಯೇ? ಮತ್ತೆ ಓದುವ ನಿರ್ಧಾರಗಳು ಅನೇಕವೇಳೆ ಇಂಥ ಬೆಂಚುಗಳ ಮೇಲೆಯೇ ಹುಟ್ಟುತ್ತವೆ. ಉಪನ್ಯಾಸ ಕೇಳಿ ಹುಟ್ಟುವುದು ಕಡಮೆ.

ಸೂಲಗಿತ್ತಿಯಿಂದ ನರ್ಸಮ್ಮನವರೆಗೆ

ರೋಗಿಯ ಶುಶ್ರೂಷೆ ನಮ್ಮ ಹೆಂಗಸರಿಗೆ ಹೊಸದಲ್ಲ. ಹಾಸಿಗೆ ಹಿಡಿದ ಮಾವನ ಮೈ ಒರೆಸುವವಳು, ಬಾಣಂತಿ ನಾದಿನಿಗೆ ನೀರೆರೆಯುವವಳು, ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಿ ರಾತ್ರಿಯೆಲ್ಲ ಎಚ್ಚರವಾಗಿರುವವಳು ಸೊಸೆಯೇ. ಆದರೆ ಇದೇ ಕೆಲಸವನ್ನು ಅನ್ಯರಿಗೆ, ವೇತನಕ್ಕಾಗಿ, ಸಮವಸ್ತ್ರ ತೊಟ್ಟು ಮಾಡುತ್ತೇನೆಂದ ಕೂಡಲೆ ಮನೆತನದ ಮರ್ಯಾದೆಯ ಮಾತು ಎದ್ದು ನಿಲ್ಲುತ್ತದೆ. ಇದರ ಬೇರು ಆಳವಾದದ್ದು. ಹೆರಿಗೆಯೆಂದರೆ ಪುರುಡು, ಮೈಲಿಗೆ; ಆ ರಕ್ತವನ್ನು ಮುಟ್ಟುವ ಕೆಲಸ ಬಹುಮಟ್ಟಿಗೆ ಊರಿನ ಅಂಚಿನಲ್ಲಿದ್ದ ಬಡ ಹೆಂಗಸರ ಪಾಲಿನದು. ಮಗು ಹುಟ್ಟುವವರೆಗೆ ಸೂಲಗಿತ್ತಿ ದೇವರ ಸಮಾನ. ಹುಟ್ಟಿದ ಮೇಲೆ ಮರದಲ್ಲಿ ಅಕ್ಕಿ, ಒಂದು ಸೀರೆ, ಹಿತ್ತಲ ಬಾಗಿಲು. ಅವಳ ಕೈಯ ಗುಣವನ್ನು ಊರೆಲ್ಲ ಹೊಗಳಿತು. ಅವಳ ಕಸುಬಿಗೆ ತನ್ನ ಮಗಳನ್ನು ಕಳುಹಿಸಲು ಯಾರೂ ಒಪ್ಪಲಿಲ್ಲ.

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ಆ ಹಳೆಯ ಋಣದ ಒಂದಂಶ ತೀರಿದಂತಾಯಿತು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಖ್ಯಾತರಾಗಿದ್ದ ಆ ಹಿರಿಯ ತಾಯಿ ಅದೇ ವರ್ಷದ ಡಿಸೆಂಬರ್ ೨೫ರಂದು ತೀರಿಕೊಂಡರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ವಿದ್ಯೆ ಅಜ್ಜಿಯಿಂದ ಬಂದದ್ದು. ಅಂಥ ವಿದ್ಯೆಯ ಕಾಲ ಈಗ ಹಿಂದೆ ಸರಿದಿದೆ. ೧೯೯೨-೯೩ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆಗಳು ನೂರಕ್ಕೆ ನಲವತ್ತನ್ನು ಮುಟ್ಟಿರಲಿಲ್ಲ. ೨೦೧೯-೨೧ರ ಸಮೀಕ್ಷೆಯಲ್ಲಿ ಅದು ನೂರಕ್ಕೆ ೯೭ ಆಗಿತ್ತು. ಒಂದು ತಲೆಮಾರಿನೊಳಗೆ ಹೆರಿಗೆಯೆಂಬುದು ನಡುಮನೆಯ ಮೂಲೆಯಿಂದ ಆಸ್ಪತ್ರೆಯ ಮಂಚಕ್ಕೆ ಸ್ಥಳಾಂತರವಾಯಿತು. ಅದರೊಡನೆ ಕೈಯ ವಿದ್ಯೆಯೂ ಅಜ್ಜಿಯ ಮಡಿಲಿನಿಂದ ಪಾಠಶಾಲೆಗೆ ಹೋಯಿತು. ಈ ಕೆಲಸ ಬೇಕೆನ್ನುವವಳು ಇಂದು ಪಾಠಶಾಲೆಗೇ ಹೋಗಬೇಕು; ಅಡ್ಡದಾರಿಯಿಲ್ಲ.

ಶಾಸ್ತ್ರಬದ್ಧವಾದ ದಾದಿಯ ಶಿಕ್ಷಣವನ್ನು ಜಿಲ್ಲಾ ಕೇಂದ್ರಗಳ ಜನ ಹತ್ತಿರದಿಂದ ಕಂಡದ್ದು ಹೆಚ್ಚಾಗಿ ಮಿಷನ್ ಆಸ್ಪತ್ರೆಗಳಲ್ಲಿ. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಇಂದಿಗೂ ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ಬಿಳಿಯ ಉಡುಪಿನ 'ಸಿಸ್ಟರ್' ಎಂಬ ಸಂಬೋಧನೆ ಜನರ ಬಾಯಿಗೆ ಬಂದದ್ದು ಇಂಥಲ್ಲಿಂದಲೇ. ಮೊದಲ ದಾದಿಯರಲ್ಲಿ ಕ್ರೈಸ್ತ ಹೆಣ್ಣುಮಕ್ಕಳೇ ಹೆಚ್ಚಾಗಿದ್ದುದರಿಂದ, 'ಅದು ನಮ್ಮವರ ಕೆಲಸವಲ್ಲ' ಎಂಬ ಭಾವನೆಯೂ ಜೊತೆಗೇ ಬೆಳೆಯಿತು. ಈ ಭಾವನೆಯಿಂದ ನಷ್ಟವಾದದ್ದು ಯಾರಿಗೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇರಳದ ಮನೆಗಳು ಇದೇ ವಿದ್ಯೆಯಿಂದ ಲೋಕದ ಮೂಲೆಮೂಲೆಗೆ ಮಕ್ಕಳನ್ನು ಕಳುಹಿಸಿ ಸಾಲ ತೀರಿಸಿಕೊಂಡ ಕಾಲದಲ್ಲಿ, ನಮ್ಮ ಬಯಲುಸೀಮೆಯ ಮನೆಗಳು ಇದನ್ನು ಸಂದೇಹದಿಂದಲೇ ನೋಡುತ್ತಿದ್ದವು.

ಏಳನೆಯ ತರಗತಿ ಸಾಕಾಗಿದ್ದ ಕಾಲ

೧೯೪೬ರಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿ ದೇಶದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿ ವರದಿ ಒಪ್ಪಿಸಿದಾಗ, ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು ೪೩,೦೦೦ ಜನರಿಗೆ ಒಬ್ಬ ದಾದಿ, ಸುಮಾರು ೬೦,೦೦೦ ಜನರಿಗೆ ಒಬ್ಬ ಶಿಕ್ಷಿತ ಸೂಲಗಿತ್ತಿ ಇದ್ದರು. ಮೂರು ಮೂರೂವರೆ ವರ್ಷ ಓದಿದ ಪೂರ್ಣ ದಾದಿಯರೇ ಬೇಕೆಂದು ಹಟ ಹಿಡಿದರೆ ಹಳ್ಳಿಗಳು ಇನ್ನು ಎರಡು ತಲೆಮಾರು ಕಾಯಬೇಕಾಗಿತ್ತು. ಆದ್ದರಿಂದ ೧೯೫೧ರಲ್ಲಿ, ಪಂಜಾಬಿನ ತರನ್ ತಾರನ್ ಎಂಬ ಊರಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ, ಎರಡು ವರ್ಷಗಳ ಒಂದು ಹೊಸ ಶಿಕ್ಷಣ ಮೊದಲಾಯಿತು. 'ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್', ಅಂದರೆ ದಾದಿಗೆ ನೆರವಾಗುವ, ಹೆರಿಗೆಯನ್ನೂ ಬಲ್ಲ ಸಹಾಯಕಿ. ಜನರ ಬಾಯಲ್ಲಿ ಎ.ಎನ್.ಎಂ.; ಹಳ್ಳಿಗರ ಪಾಲಿಗೆ ನರ್ಸಮ್ಮ. ಸೇರಲು ಅಂದು ಏಳೆಂಟು ತರಗತಿಯ ವಿದ್ಯಾಭ್ಯಾಸ ಸಾಕಾಗಿತ್ತು.

ಇಂಥ ನಡುವಣ ಮೆಟ್ಟಿಲು ಭಾರತದ ಕಲ್ಪನೆಯೇನೂ ಅಲ್ಲ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ೧೮೯೨ರಲ್ಲಿಯೇ ಯುವತಿಯರ ಕ್ರೈಸ್ತ ಸಂಘದವರು ಕೆಲವೇ ತಿಂಗಳ ಒಂದು ತರಗತಿ ತೆರೆದು, ಶಿಶುಗಳನ್ನೂ ವೃದ್ಧರನ್ನೂ ಮನೆಯಲ್ಲಿಯೇ ನೋಡಿಕೊಳ್ಳುವ ವಿದ್ಯೆಯನ್ನು ಕಲಿಸಿದರು. 'ಪ್ರಾಕ್ಟಿಕಲ್ ನರ್ಸ್' ಎಂಬ ವೃತ್ತಿಗೆ ಅದೇ ಕ್ರಮಬದ್ಧವಾದ ಪ್ರಾರಂಭ. ಇಂದು ಅಲ್ಲಿ ಅದಕ್ಕೆ ಸುಮಾರು ಒಂದು ವರ್ಷದ ಶಿಕ್ಷಣ, ಬಳಿಕ ಪರವಾನಗಿಯ ಪರೀಕ್ಷೆ. ಮಕ್ಕಳನ್ನು ಶಾಲೆಗೆ ಬಿಟ್ಟು ತಾವೂ ತರಗತಿಗೆ ಹೋಗುವ ತಾಯಂದಿರು ಅಲ್ಲಿ ಯಾರಿಗೂ ಸೋಜಿಗವಲ್ಲ. ಪದವಿಯ ಹೆಸರು ಅಲ್ಲಿಗೂ ಇಲ್ಲಿಗೂ ಬೇರೆಯಾದರೂ ಕಾಲ, ಹಣ, ಮಕ್ಕಳು ಎಂಬ ಮೂರು ಚಿಂತೆಗಳು ಎರಡು ಕಡೆಯೂ ಒಂದೇ.

ಸಂಸಾರಸ್ಥ ಸ್ತ್ರೀಯರನ್ನು ಮತ್ತೆ ಶಾಲೆಗೆ ಕರೆತಂದು ದಾದಿಯರನ್ನಾಗಿ ಮಾಡುವ ಯೋಚನೆ ನಮ್ಮಲ್ಲಿಯೂ ಹಳೆಯದೇ. ಪುಣೆಯ ನ್ಯಾಯಮೂರ್ತಿ ರಾನಡೆಯವರ ಪತ್ನಿ ರಮಾಬಾಯಿಯವರು ಹನ್ನೊಂದರ ವಯಸ್ಸಿನಲ್ಲಿ ಮದುವೆಯಾಗಿ, ಗಂಡನಿಂದ ಅಕ್ಷರ ಕಲಿತವರು. ಮನೆಯ ಹಿರಿಯ ಹೆಂಗಸರ ಮೂದಲೆಯ ನಡುವೆ ಮರಾಠಿಯನ್ನೂ ಇಂಗ್ಲಿಷನ್ನೂ ಓದಿದವರು. ೧೯೦೯ರಲ್ಲಿ ಪುಣೆಯಲ್ಲಿ ಸೇವಾಸದನ ಸ್ಥಾಪಿತವಾದಾಗ ಅದಕ್ಕೆ ಜೀವ ತುಂಬಿದವರು ಅವರೇ. ಮೇಲುಜಾತಿಯ ಹಿಂದೂ ಮನೆಯವರು ದಾದಿಯ ಕೆಲಸವೆಂದರೆ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಸೇವಾಸದನ ವಿಧವೆಯರನ್ನೂ ಗೃಹಿಣಿಯರನ್ನೂ ಸ್ಯಾಸೂನ್ ಆಸ್ಪತ್ರೆಯಲ್ಲಿ ತರಬೇತಿಗೆ ನಿಲ್ಲಿಸಿತು. ನಮ್ಮ ಬೆಳಗಾವಿ, ಧಾರವಾಡಗಳೂ ಅಂದು ಅದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು.

ಇದಕ್ಕಿಂತ ವಿಶಾಲವಾದ ಯತ್ನ ಸ್ವಾತಂತ್ರ್ಯಾನಂತರದ್ದು. ಅದರ ಹಿಂದಿದ್ದವರು ದುರ್ಗಾಬಾಯಿ ದೇಶಮುಖ್. ೧೯೦೯ರಲ್ಲಿ ರಾಜಮಹೇಂದ್ರಿಯಲ್ಲಿ ಹುಟ್ಟಿ, ಎಂಟರ ಹರೆಯದಲ್ಲಿ ಮದುವೆಯಾಗಿ, ಆ ಮದುವೆಯನ್ನು ತೊರೆದು, ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡು, ಆಮೇಲೆ ಕಾಶಿ ವಿಶ್ವವಿದ್ಯಾನಿಲಯದ ಮೆಟ್ರಿಕ್ ಪರೀಕ್ಷೆಗೆ ಕುಳಿತವರು, ಮುಂದೆ ಬಿ.ಎ., ಕಾನೂನು ಪದವಿ, ಸಂವಿಧಾನ ರಚನಾಸಭೆಯ ಸದಸ್ಯತ್ವ. ತಾವು ಹತ್ತಿದ ಏಣಿಯನ್ನು ಅವರು ಮೇಲಕ್ಕೆಳೆದುಕೊಳ್ಳಲಿಲ್ಲ. ಮದರಾಸಿನಲ್ಲಿ ೧೯೩೭ರಲ್ಲಿ ಆಂಧ್ರ ಮಹಿಳಾ ಸಭೆಯನ್ನು ಕಟ್ಟಿ ಅದೇ ಮೆಟ್ರಿಕ್ ಪರೀಕ್ಷೆಗೆ ಹೆಂಗಸರನ್ನು ಸಿದ್ಧಗೊಳಿಸಿದರು. ೧೯೫೩ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹುಟ್ಟಿದಾಗ ಅದರ ಅಧ್ಯಕ್ಷೆಯಾದರು. ಹಳ್ಳಿಗಳಿಗೆ ದಾದಿ, ಸೂಲಗಿತ್ತಿ, ಗ್ರಾಮಸೇವಕಿ, ಉಪಾಧ್ಯಾಯಿನಿ ಬೇಕು. ತರಬೇತಿ ಕೇಂದ್ರಗಳ ಬಾಗಿಲು ತೆರೆದಿದೆ. ಆದರೆ ಒಳಗೆ ಬರಲು ಬೇಕಾದ ತರಗತಿಯನ್ನು ಓದಿದ ಹಳ್ಳಿಯ ಹೆಂಗಸರಿಲ್ಲ. ಪಟ್ಟಣದ ಹುಡುಗಿಯರಿಗೆ ಓದಿದೆ. ಹಳ್ಳಿಗೆ ಹೋಗಲು ಮನಸ್ಸಿಲ್ಲ. ಮಂಡಳಿ ಈ ತೊಡಕಿಗೆ ೧೯೫೮ರಲ್ಲಿ ಕಂಡುಕೊಂಡ ಪರಿಹಾರವೇ ವಯಸ್ಕ ಸ್ತ್ರೀಯರ ಸಂಕ್ಷಿಪ್ತ ಶಿಕ್ಷಣ ಕ್ರಮ. ನಡುವೆ ಶಾಲೆ ಬಿಟ್ಟ ಹೆಂಗಸರನ್ನು ಕೂಡಿಸಿ, ಹಲವು ವರ್ಷಗಳ ಪಾಠವನ್ನು ಎರಡು ವರ್ಷಕ್ಕೆ ಅಡಕಗೊಳಿಸಿ, ಪರೀಕ್ಷೆಗೆ ಕುಳ್ಳಿರಿಸಿ, ಅಲ್ಲಿಂದ ತರಬೇತಿಗೆ ದಾಟಿಸುವುದು.

ಈ ಯೋಜನೆಯಲ್ಲಿ ಒಂದು ವಿವೇಕವಿತ್ತು. ದಾದಿಯ ಶಾಲೆಗೆ ಸೀಟುಗಳನ್ನು ಹೆಚ್ಚಿಸಿದರೆ ಸಾಲದು. ಆ ಶಾಲೆಯ ಹೊಸ್ತಿಲಿನವರೆಗೆ ನಡೆದುಬರಲು ದಾರಿ ಬೇಕು ಎಂಬುದನ್ನು ಅದು ಅರಿತಿತ್ತು. ಈ ಮಾತು ಮುಂದಿನ ದಶಕಗಳಲ್ಲಿ ಬಹಳ ಸಲ ಮರೆತುಹೋಯಿತು.

ಏರುತ್ತ ಹೋದ ಹೊಸ್ತಿಲು

ಏಕೆಂದರೆ ಹೊಸ್ತಿಲು ಇದ್ದಲ್ಲಿಯೇ ಇರಲಿಲ್ಲ. ೧೯೭೩ರ ಕರ್ತಾರ್ ಸಿಂಗ್ ಸಮಿತಿ ಎ.ಎನ್.ಎಂ.ಳನ್ನು ಹೆರಿಗೆಯ ಸಹಾಯಕಿಯಾಗಿ ಮಾತ್ರವಲ್ಲದೆ ಬಹೂಪಯೋಗಿ ಆರೋಗ್ಯ ಕಾರ್ಯಕರ್ತೆಯನ್ನಾಗಿ ಮಾಡಬೇಕೆಂದಿತು. ೧೯೭೭ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಪಠ್ಯವನ್ನು ಪರಿಷ್ಕರಿಸಿ, ಅವಧಿಯನ್ನು ಹದಿನೆಂಟು ತಿಂಗಳಿಗೆ ಇಳಿಸಿ, ಪ್ರವೇಶಕ್ಕೆ ಎಸ್.ಎಸ್.ಎಲ್.ಸಿ. ಬೇಕೆಂದು ವಿಧಿಸಿತು. ೨೦೧೨ರ ಸುಮಾರಿನಲ್ಲಿ ಮತ್ತೊಂದು ಪರಿಷ್ಕಾರ: ಅವಧಿ ಮತ್ತೆ ಎರಡು ವರ್ಷ, ಅದರಲ್ಲಿ ಕೊನೆಯ ಆರು ತಿಂಗಳು ಆಸ್ಪತ್ರೆ ಮತ್ತು ಹಳ್ಳಿಗಳಲ್ಲಿ ಪ್ರತ್ಯಕ್ಷ ದುಡಿಮೆ, ಪ್ರವೇಶಕ್ಕೆ ಹನ್ನೆರಡನೆಯ ತರಗತಿ, ಅಂದರೆ ನಮ್ಮ ಎರಡನೆಯ ಪಿ.ಯು.ಸಿ. ವಯಸ್ಸು ಹದಿನೇಳಕ್ಕೆ ಕಡಮೆಯಿರಬಾರದು, ಮೂವತ್ತೈದನ್ನು ದಾಟಿರಬಾರದು.

ರೋಗಿಯ ಕಡೆಯಿಂದ ನೋಡಿದರೆ ಇದರಲ್ಲಿ ತಪ್ಪೇನಿದೆ? ಅಂದಿನ ನರ್ಸಮ್ಮನ ಕೈಯಲ್ಲಿ ಕೆಲವೇ ಔಷಧಗಳಿದ್ದವು. ಇಂದಿನವಳು ಲಸಿಕೆಯನ್ನು ತಕ್ಕ ಶೈತ್ಯದಲ್ಲಿ ಕಾಪಾಡಬೇಕು, ರಕ್ತದೊತ್ತಡ ನೋಡಿ ಬಸುರಿಯ ಅಪಾಯವನ್ನು ಮೊದಲೇ ಗುರುತಿಸಬೇಕು, ಹೆರಿಗೆಯ ನಂತರದ ರಕ್ತಸ್ರಾವಕ್ಕೆ ನಿಮಿಷಗಳಲ್ಲಿ ಉಪಾಯ ಮಾಡಬೇಕು, ಸಕ್ಕರೆ ಕಾಯಿಲೆಯವರ ಪಟ್ಟಿ ಇಡಬೇಕು, ಇದೆಲ್ಲವನ್ನೂ ಗಣಕಯಂತ್ರಕ್ಕೆ ಏರಿಸಬೇಕು. ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೊಂದು ಉಪಕೇಂದ್ರವೆಂಬುದು ನಿಯಮ. ಆ ಐದು ಸಾವಿರ ಜನರ ಪಾಲಿಗೆ ಮೊದಲ ಕೈ ಇವಳದೇ. ಕರ್ನಾಟಕದಲ್ಲಿ ಈಗ ಈ ಹುದ್ದೆಗೆ 'ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ' ಎಂಬ ಗಂಭೀರವಾದ ಹೆಸರೂ ಬಂದಿದೆ. ಹಳ್ಳಿಯವರು ಮಾತ್ರ ನರ್ಸಮ್ಮನೆಂಬುದನ್ನು ಬಿಟ್ಟಿಲ್ಲ. ಅಷ್ಟುದ್ದದ ಹೆಸರನ್ನು ಹೆರಿಗೆನೋವಿನ ನಡುವೆ ಕೂಗುವುದಾದರೂ ಹೇಗೆ?

ಹೀಗೆ ಏರಿಸಿದ ಪ್ರತಿಯೊಂದು ಮೆಟ್ಟಿಲೂ ರೋಗಿಗೆ ಹಿತವಾದದ್ದೇ. ಆದರೆ ಹತ್ತನೆಯ ತರಗತಿಗೆ ಓದು ಬಿಟ್ಟ ಹಳೇಕೋಟೆಯ ಆಶಾ ಕಾರ್ಯಕರ್ತೆಗೆ ಇದರಿಂದ ಆದದ್ದೇನು? ತಾಯಿಯ ಕಾಲದಲ್ಲಿ ಅದೇ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಹಿಡಿದು ನೇರವಾಗಿ ಸೇರಬಹುದಾಗಿದ್ದ ಶಾಲೆಗೆ ಈಕೆ ಸೇರಲಾರಳು. ಈಕೆ ಶಾಲೆಗೆ ಮರಳಬೇಕಾದದ್ದು ಒಂದು ಸಲವಲ್ಲ, ಎರಡು ಸಲ. ಮೊದಲು ಪಿ.ಯು.ಸಿ., ಆಮೇಲೆ ದಾದಿಯ ಶಿಕ್ಷಣ. ಇತ್ತ ಮೂವತ್ತೈದರ ಗೆರೆ ಪ್ರತಿವರ್ಷವೂ ಒಂದೊಂದು ಹೆಜ್ಜೆ ಹತ್ತಿರ ಬರುತ್ತಿರುತ್ತದೆ.

ಲೆಕ್ಕ ಹಾಕಿ ನೋಡಬಹುದು. ಮೂವತ್ತೊಂದರಲ್ಲಿ ಮನಸ್ಸು ಮಾಡಿದಳೆನ್ನೋಣ. ಕಲಾ ವಿಭಾಗದ ವಿಷಯಗಳನ್ನು ಆರಿಸಿಕೊಂಡು ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಬಹುದು. ಇಲ್ಲವೇ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಓದಬಹುದು. ೧೯೮೯ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯಲ್ಲಿ ವಯಸ್ಸಿನ ಮೇಲ್ಮಿತಿಯಿಲ್ಲ. ಅದರ ಹನ್ನೆರಡನೆಯ ತರಗತಿಯನ್ನು ನರ್ಸಿಂಗ್ ಪರಿಷತ್ತಿನ ನಿಯಮಗಳೂ ಒಪ್ಪುತ್ತವೆ. ವಿಜ್ಞಾನವೇ ಬೇಕೆಂಬ ನಿರ್ಬಂಧ ಎ.ಎನ್.ಎಂ. ಶಿಕ್ಷಣಕ್ಕಿಲ್ಲ; ಇಂಗ್ಲಿಷ್ ಇರಲೇಬೇಕು. ಒಂದೆರಡು ವರ್ಷ ಇದಕ್ಕೆ ಹೋಯಿತು. ಒಂದು ವಿಷಯದಲ್ಲಿ ನಪಾಸಾದರೆ ಇನ್ನಷ್ಟು ತಿಂಗಳು. ಮೂವತ್ಮೂರು, ಮೂವತ್ನಾಲ್ಕು. ಮಗ ಹೈಸ್ಕೂಲಿಗೆ ಬರುವ ಹೊತ್ತಿಗೆ ತಾಯಿಗೆ ದಾದಿಯ ಶಾಲೆಯ ಪ್ರವೇಶ. ಎಣಿಕೆ ಸರಿಹೋಗುತ್ತದೆ, ಆದರೆ ಕೂದಲೆಳೆಯ ಅಂತರದಲ್ಲಿ. ಮೂವತ್ಮೂರಕ್ಕೆ ಮನಸ್ಸು ಮಾಡುವವಳಿಗೆ ಈ ಲೆಕ್ಕ ಕೂಡಿಬರುವುದೇ ಕಷ್ಟ. 'ಮಕ್ಕಳು ಸ್ವಲ್ಪ ದೊಡ್ಡವರಾಗಲಿ, ಆಮೇಲೆ ನೋಡೋಣ' ಎಂಬ ಮನೆಯವರ ಮಾತು ಎಷ್ಟೇ ಸದ್ಭಾವದ್ದಾಗಿರಲಿ, ಇಲ್ಲಿ ಅದರ ಅರ್ಥ 'ಬೇಡ' ಎಂದೇ.

ಆಶಾ ಕಾರ್ಯಕರ್ತೆಯರಿಗೆ ಎ.ಎನ್.ಎಂ. ಶಾಲೆಗಳಲ್ಲಿ ಆದ್ಯತೆ ಕೊಡಬೇಕೆಂದು ಅಭಿಯಾನದ ಮಾರ್ಗಸೂಚಿಗಳು ಹೇಳಿವೆ. ಕೆಲವು ರಾಜ್ಯಗಳು ಸೀಟುಗಳನ್ನು ಕಾದಿರಿಸಿದ್ದೂ ಉಂಟು. ಇದು ಒಳ್ಳೆಯದೇ. ಆದರೂ ಸೀಟಿನ ಮುನ್ನ ಪಿ.ಯು.ಸಿ.ಯ ಮಾತು ಇದ್ದೇ ಇದೆ. ದುರ್ಗಾಬಾಯಿಯವರ ಎರಡು ವರ್ಷದ ಸೇತುವೆ ನೆನಪಿಗೆ ಬರುವುದು ಇಲ್ಲಿಯೇ.

ಮನೆಯ ಮುಂಗಡಪತ್ರ

ಮನೆಯೊಳಗಿನ ಲೆಕ್ಕ ಇನ್ನೊಂದು ಬಗೆಯದು. ಎರಡು ವರ್ಷ ಈಕೆ ಹಾಸನದಲ್ಲೋ ಬೇರೆ ಊರಿನಲ್ಲೋ ಇರಬೇಕು. ಹೊಳೆನರಸೀಪುರದಿಂದ ಹಾಸನಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರು. ರೈಲೂ ಉಂಟು, ಬಸ್ಸೂ ಉಂಟು. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲವಾದ್ದರಿಂದ ವೆಚ್ಚದ ಒಂದು ಬಾಬು ಅಳಿಸಿಹೋಯಿತು. ಹಣ ತೀರಿತು; ಹೊತ್ತು ತೀರಲಿಲ್ಲ. ಪ್ರಾತಃಕಾಲದ ವಾರ್ಡಿನ ಕೆಲಸಕ್ಕೆ ಹಳ್ಳಿಯಿಂದ ಹೊರಟು ತಲುಪುವುದು ಸಾಧ್ಯವಾಗದು. ರಾತ್ರಿ ಪಾಳಿ ಬಂದರೆ ಮನೆಗೆ ಮರಳುವ ಮಾತೇ ಇಲ್ಲ. ಆದ್ದರಿಂದ ಹಾಸ್ಟೆಲ್ಲು. ಹಾಗಾದರೆ ಹಸುವಿನ ಹಾಲು ಕರೆಯುವವರಾರು? ಡೇರಿಯ ಹಾಲಿನ ಬಟವಾಡೆಯೇ ಮನೆಯ ನಗದು. ಮಗಳಿಗೆ ಜಡೆ ಹಾಕುವವರಾರು? ಮುಂಗಾರಿನ ಕಳೆ ಕೀಳುವ ಆಳಿನ ಕೂಲಿ ಎಷ್ಟು? ಆಶಾ ಕೆಲಸ ಬಿಟ್ಟರೆ ತಿಂಗಳ ಕೈಖರ್ಚು ಎಲ್ಲಿಂದ?

ಇಂಥ ಕಡೆ ಗಂಡನ ಒಪ್ಪಿಗೆಯನ್ನೇ ದೊಡ್ಡದು ಮಾಡಿ ಹೇಳುವುದು ರೂಢಿ. ವಾಸ್ತವವಾಗಿ ತಕ್ಕಡಿಯನ್ನು ತಿರುಗಿಸುವವರು ಅತ್ತೆ. "ಮಗಳ ಜೊತೆ ನೀನೂ ಪರೀಕ್ಷೆ ಕಟ್ತೀಯೇನವ್ವ?" ಎಂದು ನಕ್ಕ ಅತ್ತೆಯೇ, ಒಂದು ದಿನ "ಹೋಗು, ಹಸ ನಾನು ನೋಡ್ಕತೀನಿ" ಎಂದಳೆಂದರೆ ಶಾಲೆಯ ಬಾಗಿಲು ಅರ್ಧ ತೆರೆದಂತೆಯೇ. ಗಂಡ 'ಆಗಲಿ' ಎಂದು ಒಂದು ಮಾತಿನಲ್ಲಿ ಒಪ್ಪಿಗೆ ಕೊಡಬಹುದು. ಎರಡು ವರ್ಷ ದಿನಕ್ಕೆ ಎರಡು ಹೊತ್ತು ಕೊಟ್ಟಿಗೆಗೆ ಹೋಗುವುದು ಬೇರೆಯೇ ತರದ ಒಪ್ಪಿಗೆ. ಹೆಣ್ಣಿನ ವಿದ್ಯಾಭ್ಯಾಸಕ್ಕೆ ಇನ್ನೊಬ್ಬ ಹೆಣ್ಣಿನ ಬೆನ್ನು ಬಾಗಬೇಕಾದದ್ದನ್ನು ಸರ್ಕಾರದ ಯಾವ ಆಯವ್ಯಯ ಪಟ್ಟಿಯೂ ತೋರಿಸುವುದಿಲ್ಲ. ಪೇಟೆಯ ಮಧ್ಯಮವರ್ಗದ ಮನೆಗಳಲ್ಲಿ ಹಸುವಿಲ್ಲ, ಕಳೆಯಿಲ್ಲ. ಆದರೆ ಸಂಜೆಯ ಅಡಿಗೆ, ಮಕ್ಕಳ ಮನೆಪಾಠ, ಮಂಡಿನೋವಿನ ಮಾವ ಇದ್ದೇ ಇರುತ್ತಾರೆ. ಹೆಸರು ಬೇರೆ, ಹೊರೆ ಅದೇ.

ತರಗತಿಯಲ್ಲಿ

ಸೇರಿದ ಮೇಲೆ ಸುತ್ತ ಕುಳಿತವರು ಹದಿನೆಂಟು ಹತ್ತೊಂಬತ್ತರ ಹುಡುಗಿಯರು. ಅವರು 'ಆಂಟಿ' ಎಂದು ಕರೆದರೆ ಮೊದಲ ವಾರ ಮನಸ್ಸಿಗೆ ಚುರುಕೆನ್ನುತ್ತದೆ. ಹುಡುಗಿಯರು ಒಮ್ಮೆ ಓದಿದ್ದನ್ನು ಒಪ್ಪಿಸುತ್ತಾರೆ. ಈಕೆಗೆ ಮೂರು ಸಲ ಬೇಕು. ಎಲುಬುಗಳ ಹೆಸರು, ರೋಗಾಣುಗಳ ಹೆಸರು, ಔಷಧಗಳ ಪ್ರಮಾಣದ ದಶಾಂಶದ ಲೆಕ್ಕ ಎಲ್ಲವೂ ಇಂಗ್ಲಿಷಿನ ದಾರಿಯಲ್ಲಿಯೇ ಬರಬೇಕು. ಮೊದಲ ವರ್ಷ ಸಮುದಾಯ ಆರೋಗ್ಯ, ಆಹಾರ, ಶರೀರರಚನೆ, ನೈರ್ಮಲ್ಯ, ಮಾನಸಿಕ ಆರೋಗ್ಯ, ಸಾಂಕ್ರಾಮಿಕ ರೋಗಗಳು, ಪ್ರಥಮ ಚಿಕಿತ್ಸೆ, ಶಿಶುಪಾಲನೆ. ಎರಡನೆಯ ವರ್ಷ ಸೂತಿಕಾವಿದ್ಯೆ ಮತ್ತು ಆರೋಗ್ಯ ಕೇಂದ್ರದ ನಿರ್ವಹಣೆ.

ಆದರೆ ವಾರ್ಡಿಗೆ ಕಾಲಿಟ್ಟೊಡನೆ ತೂಕ ಬದಲಾಗುತ್ತದೆ. ಅಳುವ ಶಿಶುವನ್ನು ಎತ್ತಿಕೊಳ್ಳಲು ಈಕೆಗೆ ಯಾರೂ ಕಲಿಸಬೇಕಾಗಿಲ್ಲ. ನೋವಿನಲ್ಲಿರುವ ಚೊಚ್ಚಲ ಬಸುರಿ ಕೈ ಹಿಡಿಯಲು ಹುಡುಕುವುದು ಹತ್ತೊಂಬತ್ತರ ವಿದ್ಯಾರ್ಥಿನಿಯನ್ನಲ್ಲ, ಎರಡು ಹೆತ್ತವಳನ್ನು. ಇನ್ನೊಂದು ಕಡೆ, ಅನುಭವವೇ ಅಡ್ಡಿಯಾಗುವುದೂ ಉಂಟು. ಹೆರಿಗೆಯಾದ ಕೂಡಲೆ ಬರುವ ಹಳದಿ ಹಾಲು ಮಗುವಿಗೆ ಆಗದೆಂದು ಹಿಂಡಿ ಚೆಲ್ಲಿ ಜೇನೋ ಸಕ್ಕರೆ ನೀರೋ ನೆಕ್ಕಿಸಿದ ಮನೆಯಿಂದ ಬಂದವಳು, ಆ ಹಾಲೇ ಮಗುವಿನ ಮೊದಲ ರಕ್ಷಣೆಯೆಂದು ಕಲಿಯಬೇಕು. ಬಾಣಂತಿಗೆ ಹೆಚ್ಚು ನೀರು ಕೊಡಬಾರದೆಂಬುದು ತಪ್ಪೆಂದು, ಹೊಕ್ಕಳಿಗೆ ಬೂದಿಯನ್ನೋ ಎಣ್ಣೆಯನ್ನೋ ಹಚ್ಚದೆ ಒಣಗಲು ಬಿಡಬೇಕೆಂದು ತಿಳಿಯಬೇಕು. ತನ್ನ ಮಕ್ಕಳಿಗೆ ತಾನೇ ಮಾಡಿದ್ದನ್ನು ತಪ್ಪೆಂದು ಒಪ್ಪುವುದು ಪುಸ್ತಕದ ಪಾಠಕ್ಕಿಂತ ಕಷ್ಟ. ಹಾಗೆ ಒಪ್ಪಿದವಳು ಊರಿಗೆ ಮರಳಿ ಅದನ್ನೇ ಹೇಳಿದಾಗ ಜನ ಕೇಳುತ್ತಾರೆ. ಪೇಟೆಯ ಹುಡುಗಿ ಹೇಳಿದರೆ 'ಹೆತ್ತು ಗೊತ್ತೇನು ಇವಳಿಗೆ?' ಎನ್ನುತ್ತಾರೆ.

ಎಚ್ಚರದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಓದುವ ಆಸೆಯಿದ್ದು ವಯಸ್ಸೂ ತರಗತಿಯೂ ಅಡ್ಡಬಂದ ಹೆಂಗಸರನ್ನೇ ಗುರಿಯಾಗಿಟ್ಟುಕೊಂಡು, ಆರು ತಿಂಗಳಲ್ಲಿ ನರ್ಸ್ ಮಾಡಿಕೊಡುತ್ತೇವೆಂದು ಗೋಡೆಬರಹ ಬರೆಯಿಸುವ ಅಂಗಡಿಗಳು ಅಲ್ಲಲ್ಲಿ ಇವೆ. ಓಲೆ ಅಡವಿಟ್ಟು ಶುಲ್ಕ ಕಟ್ಟಿದವಳಿಗೆ ಕೊನೆಗೆ ಸಿಕ್ಕುವುದು ಚೌಕಟ್ಟು ಹಾಕಿಸಲು ಯೋಗ್ಯವಾದ ಒಂದು ಕಾಗದ ಮಾತ್ರ. ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾಗದೆ ದಾದಿಯೆಂಬ ಹೆಸರು ಸಲ್ಲದು. ನೋಂದಣಿ ಸಿಕ್ಕುವುದು ಮಾನ್ಯತೆ ಪಡೆದ ಶಾಲೆಯಲ್ಲಿ ಪೂರ್ಣಾವಧಿ ಓದಿ ತೇರ್ಗಡೆಯಾದವರಿಗೆ. ರೋಗಿಗಳನ್ನು ನೋಡಿಕೊಳ್ಳುವ ಸಹಾಯಕಿಯರಿಗಾಗಿ ಕೆಲವು ತಿಂಗಳ ಪ್ರಾಮಾಣಿಕ ಕೌಶಲ ತರಬೇತಿಗಳೂ ಉಂಟು. ಅವುಗಳಿಂದ ಆಸ್ಪತ್ರೆಯಲ್ಲಿಯೋ ವೃದ್ಧರ ಮನೆಯಲ್ಲಿಯೋ ಕೆಲಸ ಸಿಕ್ಕಬಹುದು, ಅದು ಗೌರವದ ಕೆಲಸವೇ. ಆದರೆ ಚುಚ್ಚುಮದ್ದಿನ ಅಧಿಕಾರ ಅದರೊಡನೆ ಬರುವುದಿಲ್ಲ. ಹಣ ಕಟ್ಟುವ ಮುನ್ನ ಶಾಲೆಯ ಹೆಸರು ಪರಿಷತ್ತಿನ ಪಟ್ಟಿಯಲ್ಲಿದೆಯೇ ಎಂದು ನೋಡುವುದಕ್ಕೆ ಒಂದು ದಿನ ಸಾಕು. ಅದನ್ನು ನೋಡದೆ ಕಳೆದುಕೊಂಡ ಎರಡು ವರ್ಷಗಳನ್ನು, ಮೂವತ್ತೈದರ ಗೆರೆ ಎದುರಿಗಿರುವಾಗ, ಮತ್ತೆಲ್ಲಿಂದ ತರುವುದು?

ಓದು ಮುಗಿದ ಮೇಲೆ ಕೆಲಸ ತಾನಾಗಿ ಬಂದು ಕದ ತಟ್ಟುವುದಿಲ್ಲ. ಸರ್ಕಾರಿ ಹುದ್ದೆಯ ನೇಮಕಾತಿಗೆ ಕಾಯಬೇಕು. ಅದುವರೆಗೆ ಗುತ್ತಿಗೆಯ ಕೆಲಸ, ಇಲ್ಲವೆ ಖಾಸಗಿ ಆಸ್ಪತ್ರೆ. ಉಪಕೇಂದ್ರಕ್ಕೆ ನೇಮಕವಾದವಳಿಗೆ ಬಿಸಿಲಿನಲ್ಲಿ ಲಸಿಕೆಯ ಪೆಟ್ಟಿಗೆ ಹೊತ್ತು ಊರೂರು ನಡೆಯುವುದು ತಪ್ಪದು. ಹಿಂದೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ತನ್ನಂಥ ಆಶಾಗಳ ಕೆಲಸವನ್ನು ಈಗ ತಾನೇ ನೋಡಿಕೊಳ್ಳಬೇಕು. ಎ.ಎನ್.ಎಂ. ಆದವಳು ಮುಂದೆ ಮೂರು ವರ್ಷದ ಪೂರ್ಣ ದಾದಿಯ ಶಿಕ್ಷಣಕ್ಕೆ, ಅಂದರೆ ಜಿ.ಎನ್.ಎಂ.ಗೆ, ಹೋಗಬಯಸಿದರೆ ಅದಕ್ಕೂ ಅವಕಾಶವುಂಟು. ಹೊರಗಿನಿಂದ ಬರುವವರಿಗೆ ಅಲ್ಲಿಯೂ ಮೂವತ್ತೈದರ ಮಿತಿಯಿದೆ. ಎ.ಎನ್.ಎಂ.ಗಳಿಗೆ ಮಾತ್ರ ಪರಿಷತ್ತಿನ ನಿಯಮ ವಯಸ್ಸಿನ ಕಟ್ಟನ್ನು ಹಾಕಿಲ್ಲ.